ಪತ್ರಿಕೆಯೂ ವಾಹಿನಿಯೂ ಒಬ್ಬರದೇ ಆದಾಗ ಸಾಕ್ಷಿ ಎರಡೋ, ಒಂದೋ?

ಪ್ರಶ್ನೆ: ನಾವು ಗಾಳಿಬೀಡು ಕಡೆ ನಾಲ್ಕು ಎಕರೆ ಕಾಫಿ ತೋಟದ ಜೊತೆಗೆ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಕಳೆದ ತಿಂಗಳು ಜೋರು ಮಳೆಯ ಒಂದು ರಾತ್ರಿ ಸುದ್ದಿವಾಹಿನಿಯೊಂದರಲ್ಲಿ ನಮ್ಮ ಊರಿನ ರಸ್ತೆ ಕುಸಿದು ಸಂಪರ್ಕ ಕಡಿದಿದೆ ಎಂದು ದೃಶ್ಯ ತೋರಿಸಿದರು. ಆ ದೃಶ್ಯ 2018ರದು. ಅದರಲ್ಲಿ ವಾಲಿ ನಿಂತಿರುವ ಮನೆ ಈಗ ಅಲ್ಲಿ ಇಲ್ಲವೇ ಇಲ್ಲ. ಮರುದಿನ ಅದೇ ಸಂಸ್ಥೆಯ ಪತ್ರಿಕೆಯಲ್ಲಿ ಅದೇ ಚಿತ್ರದೊಡನೆ ಸುದ್ದಿ ಬಂತು. ಎರಡು ವಾರಾಂತ್ಯದ ಬುಕಿಂಗ್ ರದ್ದಾಯಿತು. ವಾಹಿನಿಗೆ ಫೋನ್ ಮಾಡಿದರೆ ‘ಪೇಪರಿನಲ್ಲೂ ಬಂದಿದೆಯಲ್ಲ ಸರ್’ ಎಂದರು. ಪತ್ರಿಕೆಗೆ ಮಾಡಿದರೆ ‘ಟಿವಿಯಲ್ಲಿ ಬಂದದ್ದನ್ನು ನೋಡಿಯೇ ಹಾಕಿದ್ದು’ ಎಂದರು. ವಾರ ಕಳೆದ ಮೇಲೆ ಅವರ ಜಾಹೀರಾತು ವಿಭಾಗದವರು ಬಂದು, ಪ್ರವಾಸಿ ಪುರವಣಿಗೆ ಜಾಹೀರಾತು ಕೊಟ್ಟರೆ ‘ಈಗ ಎಲ್ಲ ಸರಿಯಾಗಿದೆ’ ಎಂಬ ಲೇಖನ ಬರುವಂತೆ ನೋಡಿಕೊಳ್ಳುತ್ತೇವೆ ಎಂದರು. ಒಬ್ಬರೇ ಪತ್ರಿಕೆಯನ್ನೂ ಟಿವಿಯನ್ನೂ ಇಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ? ಎಲ್ಲ ವಿದೇಶಿ ದುಡ್ಡು, ಮಾಲೀಕರೇ ಕೂತು ಬರೆಸುತ್ತಾರೆ ಎಂದು ನೆರೆಯವರು ಹೇಳುವುದು ನಿಜವೇ? ನಾನು ಪತ್ರಿಕೆ ನಿಲ್ಲಿಸಲೇ, ಕೋರ್ಟಿಗೆ ಹೋಗಲೇ, ಜಾಹೀರಾತು ಕೊಟ್ಟು ಸುಮ್ಮನಾಗಲೇ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಸಂಸ್ಥೆಯ ಹೆಸರಿತ್ತು, ಅದನ್ನು ಇಲ್ಲಿ ತೆಗೆದಿದ್ದೇನೆ. ಮುಂದೆ ಉದಾಹರಣೆಗೆಂದು ನಾನು ಹೆಸರಿಸುವ ಯಾವ ಸಂಸ್ಥೆಯೂ ಅದಲ್ಲ. ನಾನು ಮೂವತ್ತು ವರ್ಷ ಸುದ್ದಿಮನೆಗಳಲ್ಲಿ ಕೆಲಸ ಮಾಡಿದವನು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಪತ್ರಿಕೆ ಮತ್ತು ವಾಹಿನಿ ಎರಡೂ ಇದ್ದ ಕಂಪನಿಯಲ್ಲಿ ಕಳೆದವು. ಆದ್ದರಿಂದ ನಿಮ್ಮ ಎರಡು ಫೋನ್ ಕರೆಗಳ ಕಥೆ ನನಗೆ ಹೊಸದಲ್ಲ. ಕರೆ ಬಂದ ಕಡೆ ಕುಳಿತು ಹೆಚ್ಚುಕಡಿಮೆ ಅದೇ ಉತ್ತರವನ್ನು ನಾನೂ ಒಂದೆರಡು ಬಾರಿ ಕೊಟ್ಟಿದ್ದೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ: ಒಡೆತನ ಕಾನೂನುಬದ್ಧವೇ ಎಂಬುದು, ಸುಳ್ಳು ಸುದ್ದಿ ಎರಡೂ ಕಡೆ ಹೇಗೆ ಬಂತು ಎಂಬುದು, ಮತ್ತು ಸುದ್ದಿಯ ಬೆನ್ನಿಗೇ ಜಾಹೀರಾತಿನ ಮಾತು ಏಕೆ ಬಂತು ಎಂಬುದು. ಮೊದಲನೆಯದಕ್ಕೆ ಉತ್ತರ ಸುಲಭ. ನಿಮಗೆ ನಷ್ಟವಾದದ್ದು ಎರಡನೆಯದರಿಂದ, ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಭಾರತದಲ್ಲಿ ಒಂದೇ ಕಂಪನಿ ದಿನಪತ್ರಿಕೆಯನ್ನೂ ಸುದ್ದಿವಾಹಿನಿಯನ್ನೂ ನಡೆಸುವುದನ್ನು ನಿಷೇಧಿಸುವ ಸಾಮಾನ್ಯ ಕಾಯಿದೆ ಇಲ್ಲ. ಟೈಮ್ಸ್ ಬಳಗ ಇಂಗ್ಲಿಷ್ ಪತ್ರಿಕೆಯ ಜೊತೆ ಸುದ್ದಿವಾಹಿನಿಯನ್ನೂ ತಂದಿತು, 2006ರಲ್ಲಿ ‘ವಿಜಯ ಕರ್ನಾಟಕ’ವನ್ನೂ ಕೊಂಡಿತು. ನೆರೆಯ ತೆಲುಗಿನಲ್ಲಿ 1974ರಲ್ಲಿ ‘ಈನಾಡು’ ಆರಂಭಿಸಿದ ಬಳಗವೇ 1995ರಲ್ಲಿ ಈಟಿವಿಯನ್ನು ತಂದಿತು. ತಮಿಳಿನಲ್ಲಿ ಸನ್ ಬಳಗ ಟಿವಿಯಲ್ಲಿ ಬೆಳೆದು 2005ರಲ್ಲಿ ‘ದಿನಕರನ್’ ಪತ್ರಿಕೆಯನ್ನು ಕೊಂಡಿತು. ಇವೆಲ್ಲ ಬಚ್ಚಿಟ್ಟು ಮಾಡಿದ ವ್ಯವಹಾರಗಳಲ್ಲ. ಡಿಟಿಎಚ್ ಪರವಾನಗಿಯಲ್ಲಿ ಪ್ರಸಾರ ಕಂಪನಿಗಳ ಪಾಲಿಗೆ ಶೇ 20ರ ಮಿತಿ ಹಾಕಿದಂತಹ ಬಿಡಿ ನಿಯಮಗಳಿವೆಯೇ ಹೊರತು, ಪತ್ರಿಕೆ ಮತ್ತು ಟಿವಿಯ ನಡುವೆ ಅಂಥ ಬೇಲಿ ಇಲ್ಲ.

ಬೇಲಿ ಬೇಕೆಂದು ಯಾರೂ ಹೇಳಲಿಲ್ಲವೆಂದಲ್ಲ. 1982ರಲ್ಲಿ ವರದಿ ಕೊಟ್ಟ ಎರಡನೆಯ ಪತ್ರಿಕಾ ಆಯೋಗ, ಪತ್ರಿಕೆ ನಡೆಸುವವರು ಬೇರೆ ಉದ್ಯಮಗಳಿಂದ ದೂರವಿರಬೇಕು ಎಂದಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2009ರಲ್ಲಿ ಒಮ್ಮೆ, 2014ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಶಿಫಾರಸು ಮಾಡಿತು. ಒಂದು ಭಾಷೆ, ಆ ಭಾಷೆಯ ರಾಜ್ಯ ಎಂದು ಮಾರುಕಟ್ಟೆಯನ್ನು ಅಳೆದು, ಅದರಲ್ಲಿ ಪತ್ರಿಕೆ ಮತ್ತು ಟಿವಿ ಎರಡರಲ್ಲೂ ಒಂದೇ ಕೈ ಪ್ರಬಲವಾಗದಂತೆ ತಡೆಯಬೇಕೆಂಬುದು ಎರಡನೆಯ ಶಿಫಾರಸಿನ ತಿರುಳು. ಅದು ಕಾಯಿದೆಯಾಗಲಿಲ್ಲ, 2022ರಲ್ಲಿ ಟ್ರಾಯ್ ಇದೇ ವಿಷಯಕ್ಕೆ ಮತ್ತೆ ಸಮಾಲೋಚನಾ ಪತ್ರ ಹೊರಡಿಸಬೇಕಾಯಿತು. ಆದ್ದರಿಂದ ‘ಎರಡೂ ಇಟ್ಟುಕೊಂಡಿದ್ದಾರೆ’ ಎಂಬ ಒಂದೇ ಕಾರಣಕ್ಕೆ ನೀವು ಎಲ್ಲಿಯೂ ದೂರು ಕೊಡಲಾಗದು.

ವಿದೇಶಿ ದುಡ್ಡಿನ ಮಾತು ಅರ್ಧ ಸತ್ಯ. ಸುದ್ದಿ ಪತ್ರಿಕೆಗಳಲ್ಲಿ ವಿದೇಶಿ ಹೂಡಿಕೆಗೆ 2002ರಿಂದ ಶೇ 26ರ ಮಿತಿಯಿದೆ. ಸುದ್ದಿವಾಹಿನಿಗಳಿಗೆ 2015ರಿಂದ ಶೇ 49. ಅಂದರೆ ಹಣ ಬರಬಹುದು, ಯಜಮಾನಿಕೆ ಇಲ್ಲಿಯವರದೇ ಇರಬೇಕು.

ಇನ್ನು ‘ಮಾಲೀಕರೇ ಕೂತು ಬರೆಸುತ್ತಾರೆ’ ಎಂಬುದು. ಹೊರಗಿನವರು ಊಹಿಸಿಕೊಳ್ಳುವ ಹಾಗೆ ದಿನಬೆಳಗಾದರೆ ಫೋನ್ ಮಾಡಿ ಸುದ್ದಿ ಹೇಳಿಕೊಡುವ ಮಾಲೀಕರನ್ನು ನಾನು ಕಾಣಲಿಲ್ಲ. ಅವರಿಗೆ ಅಷ್ಟು ಪುರುಸೊತ್ತೂ ಇರುವುದಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಕಂಪನಿಯ ಹಿತ ಯಾವುದರಲ್ಲಿದೆ ಎಂಬುದು ಡೆಸ್ಕಿನಲ್ಲಿ ಕುಳಿತವರಿಗೆ ಯಾರೂ ಹೇಳದೆಯೇ ಗೊತ್ತಿರುತ್ತದೆ. ದೊಡ್ಡ ಜಾಹೀರಾತುದಾರರ ವಿರುದ್ಧದ ಸುದ್ದಿ ಬಂದಾಗ ‘ಇದನ್ನು ಒಮ್ಮೆ ಮೇಲೆ ಕೇಳಿಬಿಡೋಣ’ ಎಂದು ಒಬ್ಬರು ಹೇಳುತ್ತಾರೆ, ಮೇಲಿನವರು ನಾಳೆ ನೋಡೋಣ ಎನ್ನುತ್ತಾರೆ, ನಾಳೆಗೆ ಸುದ್ದಿ ಹಳಸಿರುತ್ತದೆ. ಒಡೆತನದ ಪ್ರಭಾವ ಹೆಚ್ಚಾಗಿ ಕಾಣಿಸುವುದು ಬಾರದ ಸುದ್ದಿಯಲ್ಲಿ. ನಿಮ್ಮದು ಬಂದ ಸುದ್ದಿ. ಗಾಳಿಬೀಡಿನ ರಸ್ತೆ ಕುಸಿದಿದೆ ಎಂದು ಹೇಳುವುದರಿಂದ ಯಾವ ಮಾಲೀಕರಿಗೂ ಲಾಭವಿಲ್ಲ. ಅದರ ಕಾರಣವನ್ನು ಬೇರೆಡೆ ಹುಡುಕಬೇಕು.

ಆ ರಾತ್ರಿ ನಡೆದದ್ದನ್ನು ನಾನು ಕಂಡವನಲ್ಲ. ಆದರೆ ಇಂಥ ರಾತ್ರಿಗಳು ಹೇಗಿರುತ್ತವೆಂದು ಬಲ್ಲೆ. ಕೊಡಗು ವಿಸ್ತಾರದಲ್ಲಿ 4,102 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 5,54,519. ಬೆಂಗಳೂರಿನಿಂದ ನೋಡಿದರೆ ಇದು ಜಾಹೀರಾತು ಕಡಿಮೆ ಹುಟ್ಟುವ, ಸುತ್ತಾಟದ ಖರ್ಚು ಹೆಚ್ಚಿರುವ ಜಿಲ್ಲೆ. ಇಲ್ಲಿ ಪತ್ರಿಕೆಗೊಬ್ಬ, ವಾಹಿನಿಗೊಬ್ಬ, ಕ್ಯಾಮೆರಾಕ್ಕೊಬ್ಬ ಎಂದು ಮೂವರನ್ನು ಇಡುವ ಬದಲು ಕಂಪನಿ ಒಬ್ಬನನ್ನು ಇಡುತ್ತದೆ. ವಿರಾಜಪೇಟೆಗೂ ಸೋಮವಾರಪೇಟೆಗೂ ಸುದ್ದಿಯ ಲೆಕ್ಕದಲ್ಲಿ ಕಾಸು ಪಡೆಯುವ ಸ್ಟ್ರಿಂಗರ್‌ಗಳಿರುತ್ತಾರೆ. ಆ ಒಬ್ಬ ವರದಿಗಾರ ಬೆಳಿಗ್ಗೆ ವಾಹಿನಿಗೆ ಬೈಟ್ (ಯಾರಾದರೂ ಮಾತಾಡಿದ ತುಣುಕು) ಕಳಿಸಬೇಕು, ಮಧ್ಯಾಹ್ನ ಜಾಲತಾಣಕ್ಕೆ ನಾಲ್ಕು ಸಾಲು ಬರೆಯಬೇಕು, ಸಂಜೆ ಪತ್ರಿಕೆಗೆ ಪೂರ್ತಿ ವರದಿ ಕೊಡಬೇಕು. ಮೇಲಾಗಿ ಕೊಡಗಿನ ಪುಟ ಉಳಿದವುಗಳಿಗಿಂತ ಮೊದಲೇ ಮುಗಿಯಬೇಕು, ಏಕೆಂದರೆ ಬಂಡಲ್ ಹೊತ್ತ ವಾಹನ ಮೈಸೂರಿನಿಂದ ಹುಣಸೂರು, ಕುಶಾಲನಗರ ದಾಟಿ ಬರಬೇಕು, ಇಲ್ಲವೇ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಬೇಕು.

ಹೀಗಿರುವಾಗ ರಾತ್ರಿ ಎಂಟೂವರೆಗೆ ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ದೃಶ್ಯ ಬರುತ್ತದೆ. ಮಳೆ ಸುರಿಯುತ್ತಿದೆ, ಕರೆಂಟಿಲ್ಲ, ಗಾಳಿಬೀಡಿನ ಯಾರ ಫೋನೂ ಸಿಗುತ್ತಿಲ್ಲ. ವರದಿಗಾರ ಅದನ್ನು ‘ಕನ್ಫರ್ಮ್ ಮಾಡುತ್ತಿದ್ದೇನೆ’ ಎಂಬ ಒಕ್ಕಣೆಯೊಡನೆ ಸುದ್ದಿಯೆಲ್ಲ ಬಂದು ಸೇರುವ ಬೆಂಗಳೂರಿನ ಇನ್‌ಪುಟ್ ಡೆಸ್ಕಿಗೆ ಕಳಿಸುತ್ತಾನೆ. ಅಲ್ಲಿ ದೃಶ್ಯ ಒಂದು ಕಡೆ ಹೋಗುತ್ತದೆ, ಒಕ್ಕಣೆ ಇನ್ನೊಂದು ಕಡೆ ಉಳಿಯುತ್ತದೆ. ಒಂಬತ್ತಕ್ಕೆ ಅದು ಪರದೆಯ ಮೇಲಿರುತ್ತದೆ. ಪತ್ರಿಕೆಯ ಡೆಸ್ಕಿನ ಎದುರಿನ ಗೋಡೆಗೆ ತಮ್ಮದೇ ವಾಹಿನಿ ಹಾಕಿದ ಟಿವಿ ಇರುತ್ತದೆ. ಉಪಸಂಪಾದಕ ಅದನ್ನು ನೋಡಿ, ‘ನಮ್ಮವರೇ ಹಾಕಿದ್ದಾರೆ, ಅಂದ ಮೇಲೆ ವಿಚಾರಿಸಿಯೇ ಹಾಕಿರುತ್ತಾರೆ’ ಎಂದುಕೊಂಡು ಪುಟ ಮುಗಿಸುತ್ತಾನೆ. ವಾಹಿನಿಯವರು ಬೆಳಿಗ್ಗೆ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಅದನ್ನೇ ಮತ್ತೆ ಓದುತ್ತಾರೆ. ನಿಮಗೆ ಬಂದ ಎರಡು ಉತ್ತರಗಳನ್ನು ಹೇಳಿದವರಿಬ್ಬರೂ, ನನ್ನ ಅಂದಾಜಿನಲ್ಲಿ, ಸುಳ್ಳು ಹೇಳಲಿಲ್ಲ. ಇಬ್ಬರೂ ಇನ್ನೊಬ್ಬರು ಪರಿಶೀಲಿಸಿದ್ದಾರೆಂದು ನಿಜವಾಗಿಯೂ ನಂಬಿದ್ದರು.

ಒಡೆತನ ಒಂದಾಗುವುದರ ಅಪಾಯ ಇಲ್ಲಿದೆ. ಬೇರೆ ಬೇರೆ ಮಾಲೀಕರ ಪತ್ರಿಕೆ ಮತ್ತು ವಾಹಿನಿ ಇದ್ದರೆ ಒಂದರ ತಪ್ಪನ್ನು ಇನ್ನೊಂದು ಖುಷಿಯಿಂದಲೇ ಹಿಡಿಯುತ್ತದೆ. ಪೈಪೋಟಿಯ ಆ ಸಣ್ಣತನವೇ ಓದುಗನಿಗೆ ಕಾವಲು. ಒಂದೇ ಮನೆಯಾದಾಗ ಆ ಕಾವಲು ತಪ್ಪುತ್ತದೆ. ನಿಮ್ಮ ಅತಿಥಿಗಳು ‘ಟಿವಿಯಲ್ಲೂ ಬಂತು, ಪೇಪರಿನಲ್ಲೂ ಬಂತು’ ಎಂದು ಎರಡು ಸಾಕ್ಷಿ ಎಣಿಸಿ ಬುಕಿಂಗ್ ರದ್ದು ಮಾಡಿದರು. ಇದ್ದದ್ದು ಒಂದೇ ಸಾಕ್ಷಿ, ಅದೂ ಊರು ಹೆಸರಿಲ್ಲದ ವಾಟ್ಸ್‌ಆ್ಯಪ್ ತುಣುಕು. ಮಳೆಗಾಲದಲ್ಲಿ ನಾನಾದರೆ ಆಕಾಶವಾಣಿಯ ಮಡಿಕೇರಿ ಕೇಂದ್ರವನ್ನೋ, 1957ರಿಂದ ಮಡಿಕೇರಿಯಲ್ಲೇ ಅಚ್ಚಾಗಿ ಬರುತ್ತಿರುವ ‘ಶಕ್ತಿ’ಯಂತಹ ಸ್ಥಳೀಯ ಪತ್ರಿಕೆಯನ್ನೋ ಒಮ್ಮೆ ನೋಡದೆ ಯಾವ ಕುಸಿತವನ್ನೂ ನಂಬುವುದಿಲ್ಲ. ಅವರಿಂದ ತಪ್ಪಾಗುವುದೇ ಇಲ್ಲವೆಂದಲ್ಲ. ತಪ್ಪಾದರೆ ಮರುದಿನ ಅದೇ ರಸ್ತೆಯಲ್ಲಿ ನಿಮಗೆ ಎದುರಾಗುವವರು ಅವರು.

ಎರಡನ್ನೂ ಒಂದೇ ಸೂರಿನಡಿ ತಂದರೆ ಖರ್ಚು ಉಳಿದು ಸುದ್ದಿಯೂ ಸುಧಾರಿಸುತ್ತದೆ ಎಂಬ ಭರವಸೆ ಹಳೆಯದು. ಅಮೆರಿಕದಲ್ಲಿ ಒಂದೇ ಊರಿನ ದಿನಪತ್ರಿಕೆ ಮತ್ತು ಟಿವಿ ಕೇಂದ್ರ ಒಬ್ಬರದೇ ಆಗಬಾರದೆಂದು 1975ರಲ್ಲಿ ನಿಯಮ ಮಾಡಿದರು. ಆಗಲೇ ಎರಡೂ ಇದ್ದ ಎಷ್ಟೋ ಸಂಸ್ಥೆಗಳಿಗೆ ವಿನಾಯಿತಿ ಸಿಕ್ಕಿತು. ಮೀಡಿಯಾ ಜನರಲ್ ಎಂಬ ಕಂಪನಿ 2000ದಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ತನ್ನ ಪತ್ರಿಕೆ, ಟಿವಿ ಕೇಂದ್ರ ಮತ್ತು ಜಾಲತಾಣ ಮೂರನ್ನೂ ಒಂದೇ ಕಟ್ಟಡಕ್ಕೆ ತಂದಾಗ ಲೋಕದ ಪತ್ರಕರ್ತರೆಲ್ಲ ಅದನ್ನು ನೋಡಲು ಹೋಗಿಬಂದರು. ಹನ್ನೆರಡು ವರ್ಷಗಳಲ್ಲಿ ಕಂಪನಿ ಪತ್ರಿಕೆಗಳನ್ನು ಮಾರಿ ಟಿವಿಯನ್ನಷ್ಟೇ ಉಳಿಸಿಕೊಂಡಿತು. 2016ರಲ್ಲಿ ‘ಟ್ಯಾಂಪಾ ಟ್ರಿಬ್ಯೂನ್’ ಪ್ರತಿಸ್ಪರ್ಧಿಯ ಕೈಸೇರಿ ನಿಂತೇಹೋಯಿತು. ಗ್ಯಾನೆಟ್ ಕಂಪನಿಯೂ 2015ರಲ್ಲಿ ಪತ್ರಿಕೆ ಒಂದು ಕಡೆ, ಟಿವಿ ಇನ್ನೊಂದು ಕಡೆ ಎಂದು ಇಬ್ಭಾಗವಾಯಿತು. 1975ರ ನಿಷೇಧವನ್ನು ಅಲ್ಲಿ ಪ್ರಸಾರವನ್ನು ನಿಯಂತ್ರಿಸುವ ಆಯೋಗ (ಎಫ್‌ಸಿಸಿ) 2017ರಲ್ಲಿ ತೆಗೆದುಹಾಕಿತು, 2021ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಆ ಹೊತ್ತಿಗೆ ಪತ್ರಿಕೆಗಳನ್ನು ಕೊಳ್ಳಬೇಕೆಂಬ ಆಸೆಯೇ ಟಿವಿಯವರಿಗೆ ಅಷ್ಟಾಗಿ ಉಳಿದಿರಲಿಲ್ಲ. ಪತ್ರಿಕೆಯ ಜಾಹೀರಾತು ಆದಾಯ ಕುಸಿದಾಗ ಟಿವಿಯ ಲಾಭವನ್ನು ಅದಕ್ಕೆ ಸುರಿಯಲು ಷೇರುದಾರರು ಒಪ್ಪುವುದಿಲ್ಲ. ದೊಡ್ಡ ಕಂಪನಿಯ ಆಸರೆಯಿದ್ದರೆ ಪತ್ರಿಕೆ ಉಳಿಯುತ್ತದೆ ಎಂಬ ವಾದವನ್ನು ನಾನು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ.

ಏನು ಮಾಡಬಹುದೆಂಬುದಕ್ಕೆ ಬರುತ್ತೇನೆ. ಮೊದಲು ಎದುರಿಗಿರುವವರು ಯಾರೆಂದು ಸರಿಯಾಗಿ ತಿಳಿಯಿರಿ. ಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಇರುವೆಯಂಥ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಮತ್ತು ಕಂಪನಿಯ ಹೆಸರಿರುತ್ತದೆ, ಅದನ್ನು ಬರೆದುಕೊಳ್ಳಿ. ಹಳೆಯ 1867ರ ಪತ್ರಿಕಾ ನೋಂದಣಿ ಕಾಯಿದೆಯಡಿ ಪ್ರತಿ ವರ್ಷ ಫೆಬ್ರವರಿ ಮುಗಿದೊಡನೆ ‘ನಮೂನೆ 4’ ಎಂಬ ಒಡೆತನದ ವಿವರವನ್ನು ಪ್ರಕಟಿಸಬೇಕಿತ್ತು, ಶೇ 1ಕ್ಕಿಂತ ಹೆಚ್ಚು ಬಂಡವಾಳ ಇದ್ದವರ ಹೆಸರು ಅದರಲ್ಲಿ ಇರುತ್ತಿತ್ತು. 2024ರ ಮಾರ್ಚ್ 1ರಿಂದ ಆ ಕಾಯಿದೆಯ ಬದಲು ಹೊಸದು ಬಂದಿದೆ, ಆದರೂ ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ತಿಂಗಳ ಸಂಚಿಕೆ ಸಿಕ್ಕರೆ ತೆಗೆದು ನೋಡಿ. ವಾಹಿನಿ ಯಾವ ಕಂಪನಿಯ ಹೆಸರಿನಲ್ಲಿದೆ ಎಂಬುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಪಟ್ಟಿಯಲ್ಲಿದೆ. ಎರಡು ಹೆಸರು ಬೇರೆ ಬೇರೆ ಇದ್ದರೆ ಗಲಿಬಿಲಿ ಬೇಡ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಒಂದೊಂದು ಕಂಪನಿಗೆ ನೂರು ರೂಪಾಯಿಯಂತೆ ಶುಲ್ಕ ಕಟ್ಟಿ ವಾರ್ಷಿಕ ವಿವರ ತೆಗೆದರೆ, ಬಹುಪಾಲು ಸಂದರ್ಭದಲ್ಲಿ ಎರಡರ ಮೇಲೂ ಕುಳಿತ ಮೂರನೆಯ ಕಂಪನಿಯೊಂದು ಕಾಣಿಸುತ್ತದೆ.

ಇದನ್ನು ಏಕೆ ಹೇಳಿದೆನೆಂದರೆ, ಮಾಲೀಕರು ಒಬ್ಬರೇ ಆದರೂ ಕಾನೂನು ಅವರನ್ನು ಮೂವರಂತೆ ನೋಡುತ್ತದೆ, ದೂರಿನ ದಾರಿಯೂ ಮೂರು. ಪತ್ರಿಕೆಯ ಮೇಲಿನ ದೂರು ಭಾರತೀಯ ಪತ್ರಿಕಾ ಮಂಡಳಿಗೆ ಹೋಗುತ್ತದೆ. ಅದಕ್ಕೆ ಮೊದಲು ಸಂಪಾದಕರಿಗೆ ಬರಹದಲ್ಲಿ ತಿಳಿಸಿರಬೇಕು, ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಮಂಡಳಿಗೆ ದೂರು ತಲುಪಬೇಕು. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸಲಾರದು, ನಷ್ಟ ತುಂಬಿಸಲಾರದು. ಟಿವಿಯ ಮೇಲೆ ಅದಕ್ಕೆ ಅಧಿಕಾರವೇ ಇಲ್ಲ. ಇದು ತಿಳಿಯದೆ ಎಷ್ಟೋ ಜನ ವಾಹಿನಿಯ ಮೇಲಿನ ದೂರನ್ನು ಅಲ್ಲಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ವಾಹಿನಿಯ ವಿಷಯದಲ್ಲಿ 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮಗಳಂತೆ ಮೊದಲು ವಾಹಿನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು 15 ದಿನದೊಳಗೆ ತೀರ್ಮಾನ ಹೇಳಬೇಕು. ತೃಪ್ತಿಯಾಗದಿದ್ದರೆ ಮತ್ತೆ 15 ದಿನದೊಳಗೆ ಆ ವಾಹಿನಿ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹೋಗಬೇಕು. ವಾಹಿನಿಗಳು ಪ್ರಸಾರದ ಮುದ್ರಿಕೆಯನ್ನು 90 ದಿನ ಇಟ್ಟುಕೊಂಡಿರಬೇಕೆಂಬ ನಿಯಮವಿದೆ. ನಿಮ್ಮ ಪತ್ರದಲ್ಲಿ ಪ್ರಸಾರದ ದಿನಾಂಕ ಮತ್ತು ಗಂಟೆಯನ್ನು ಖಚಿತವಾಗಿ ಬರೆದು, ಅದನ್ನು ಅಳಿಸದೆ ಕಾಯ್ದಿರಿಸಿ ಎಂದು ಕೇಳಿ.

ಮೂರನೆಯದನ್ನು ನೀವು ಪತ್ರದಲ್ಲಿ ಎತ್ತಿಯೇ ಇಲ್ಲ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಟಿವಿಯಲ್ಲಿ ಬಂದದ್ದು ಆ ರಾತ್ರಿಗೆ ಮುಗಿಯಿತು, ಪತ್ರಿಕೆ ಮರುದಿನಕ್ಕೆ ರದ್ದಿಯಾಯಿತು. ಆದರೆ ಅದೇ ತುಣುಕು ವಾಹಿನಿಯ ಯೂಟ್ಯೂಬ್ ಪುಟದಲ್ಲೂ ಸುದ್ದಿ ಜಾಲತಾಣದಲ್ಲೂ ಉಳಿದಿರುತ್ತದೆ. ಅಕ್ಟೋಬರ್‌ನಲ್ಲಿ ದಸರಾ ರಜೆಗೆಂದು ಕೋಣೆ ಹುಡುಕುವವರು ನಿಮ್ಮ ಊರಿನ ಹೆಸರು ಹಾಕಿದರೆ ಮೊದಲು ಕಾಣುವುದು ಅದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಡಿಜಿಟಲ್ ಸುದ್ದಿ ಪ್ರಕಾಶಕರೂ ಕುಂದುಕೊರತೆ ಅಧಿಕಾರಿಯನ್ನು ಹೊಂದಿರಬೇಕು, 15 ದಿನದಲ್ಲಿ ಉತ್ತರಿಸಬೇಕು. ಕ್ಷಮೆ ಕೇಳಿಸುವ ಹಟಕ್ಕಿಂತ ಆ ತುಣುಕನ್ನು ತೆಗೆಸುವುದಕ್ಕೆ ಹೆಚ್ಚು ಶ್ರಮ ಹಾಕಿ. ಸಂಸ್ಥೆಗಳಿಗೂ ಸದ್ದಿಲ್ಲದೆ ತೆಗೆದುಹಾಕುವುದು ತಪ್ಪೊಪ್ಪಿಗೆಗಿಂತ ಸಲೀಸು.

ನ್ಯಾಯಾಲಯದ ದಾರಿ ನಿಮಗೆ ಕಷ್ಟದ್ದು. ಮಾನಹಾನಿಯೆನ್ನಲು ಸುದ್ದಿ ನಿಮ್ಮ ಬಗ್ಗೆ ಇರಬೇಕು. ಇಲ್ಲಿ ಊರಿನ ಹೆಸರಿದೆ, ನಿಮ್ಮ ಹೋಂಸ್ಟೇಯ ಹೆಸರಿಲ್ಲ. ಸಿವಿಲ್ ದಾವೆಗೆ ಒಂದು ವರ್ಷದ ಕಾಲಮಿತಿಯಿದೆ, ಆದ್ದರಿಂದ ಅವಸರವಿಲ್ಲ. ಇನ್ನೊಂದು ತೊಡಕೂ ಇದೆ: ಅದೇ ವಿಷಯ ನ್ಯಾಯಾಲಯದಲ್ಲಿಲ್ಲ ಎಂದು ಪತ್ರಿಕಾ ಮಂಡಳಿಯ ಮುಂದೆ ನೀವು ಘೋಷಿಸಬೇಕಾಗುತ್ತದೆ, ಹಾಗಾಗಿ ಮೊದಲು ಕೋರ್ಟಿಗೆ ಹೋದರೆ ಈ ಬಾಗಿಲು ಮುಚ್ಚುತ್ತದೆ. ರದ್ದಾದ ಬುಕಿಂಗ್‌ಗಳ ಸಂದೇಶಗಳನ್ನು, ಅದರಲ್ಲೂ ‘ನ್ಯೂಸ್ ನೋಡಿದೆವು’ ಎಂದು ಅತಿಥಿಗಳು ಬರೆದವನ್ನು, ಅಳಿಸದೆ ಇಟ್ಟುಕೊಂಡು ವಕೀಲರಿಗೆ ತೋರಿಸಿ. ಅವರು ಬೇರೆ ದಾರಿ ಕಂಡರೆ ಕಾಣಲಿ.

ಜಾಹೀರಾತಿನ ಮಾತಿಗೆ ನನ್ನ ಉತ್ತರ ಬೇಡ ಎಂಬುದೇ. ಪುರವಣಿಗೆ ಜಾಹೀರಾತು ಕೊಡುವುದು ತಪ್ಪಲ್ಲ. ಜಾಹೀರಾತೆಂದು ಕಾಣುವಂತೆ ಅಚ್ಚಾದರೆ ಅದು ವ್ಯಾಪಾರ. ಹಣ ಪಡೆದು ಸುದ್ದಿಯ ವೇಷದಲ್ಲಿ ಲೇಖನ ಹಾಕುವುದು ‘ಪಾವತಿ ಸುದ್ದಿ’. ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ಈ ಬಗ್ಗೆ ವಿಸ್ತಾರವಾದ ವರದಿಯನ್ನೇ ಕೊಟ್ಟಿತ್ತು. ನಿಮ್ಮ ಮಟ್ಟಿಗೆ ಅಪಾಯವೇನೆಂದರೆ, ಒಮ್ಮೆ ಕೊಟ್ಟರೆ ಪ್ರತಿ ಮಳೆಗಾಲಕ್ಕೂ ಅದು ವಾಡಿಕೆಯಾಗುತ್ತದೆ, ಮತ್ತು ನಿಮ್ಮ ದೂರಿನ ಬೆಲೆ ಅಂದೇ ಕರಗುತ್ತದೆ. ಬಂದವರ ಮೇಲೆ ಸಿಟ್ಟಾಗಬೇಡಿ. ಪತ್ರಿಕೆ, ಟಿವಿ, ಜಾಲತಾಣ ಮೂರಕ್ಕೂ ಸೇರಿ ತಿಂಗಳ ಗುರಿ ಹೊತ್ತು ತಿರುಗುವವರು ಅವರು, ನಿಮ್ಮ ಹೆಸರು ಸಿಕ್ಕಿದ್ದು ಬಹುಶಃ ನೀವು ಮಾಡಿದ ಫೋನ್ ಕರೆಯಿಂದಲೇ.

ಪತ್ರಿಕೆ ನಿಲ್ಲಿಸುವುದು ನಿಮ್ಮ ಇಷ್ಟ. ನಿಲ್ಲಿಸಿದರೆ ಕಂಪನಿಗೆ ತಿಳಿಯುವುದೇ ಇಲ್ಲ, ಮಳೆಯಲ್ಲಿ ನೆನೆದು ಬಂಡಲ್ ಬಿಚ್ಚುವ ಏಜೆಂಟರ ಕಮಿಷನ್‌ಗೆ ಮಾತ್ರ ತಿಳಿಯುತ್ತದೆ. ಅದಕ್ಕಿಂತ ನಿಮ್ಮ ಸಾಲಿನ ಏಳೆಂಟು ಹೋಂಸ್ಟೇಯವರು ಸೇರಿ ಸಹಿ ಹಾಕಿದ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ. ಅದರ ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೂ ವಾರ್ತಾ ಇಲಾಖೆಯ ಮಡಿಕೇರಿ ಕಚೇರಿಗೂ ಹೋಗಲಿ. ಆ ದಿನ ರಸ್ತೆ ತೆರೆದಿತ್ತೆಂದು ಲೋಕೋಪಯೋಗಿ ಇಲಾಖೆಯಿಂದಲೋ ಪಂಚಾಯಿತಿಯಿಂದಲೋ ಒಂದು ಸಾಲಿನ ಬರಹ ಸಿಕ್ಕರೆ ಅದನ್ನೂ ಲಗತ್ತಿಸಿ. ಒಂದು ಎಚ್ಚರಿಕೆ: ‘ನಮ್ಮಲ್ಲಿ ಕುಸಿತವೇ ಆಗುವುದಿಲ್ಲ’ ಎಂದು ಬರೆಯಬೇಡಿ. 2018ರಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಏನಾಯಿತೆಂದು ಕಂಡವರು ನೀವು. ಮುಂದೆ ನಿಜವಾಗಿ ಕುಸಿದ ದಿನ ವರದಿಗಾರ ಹಿಂಜರಿಯುವಂತಾಗಬಾರದು. ‘ಆ ದಿನ, ಆ ಜಾಗದಲ್ಲಿ, ಇದು ಆಗಿಲ್ಲ’ ಎಂದಷ್ಟೇ ಬರೆಯಿರಿ.

ಎರಡು ತಿಂಗಳ ಗಡುವಿನಲ್ಲಿ ನಿಮಗೆ ಇನ್ನು ಮೂರು ವಾರ ಉಳಿದಿದೆ. ಮಳೆ ಬಿಟ್ಟ ಒಂದು ಬೆಳಿಗ್ಗೆ, ಆ ದೃಶ್ಯದಲ್ಲಿ ಮನೆ ಕಾಣುವ ಕೋನದಿಂದಲೇ ಈಗಿನ ರಸ್ತೆಯ ಚಿತ್ರ ತೆಗೆಯಿರಿ. ಮನೆಯಿದ್ದ ಜಾಗದಲ್ಲಿ ಅಡಿಪಾಯವೋ ಮೆಟ್ಟಿಲೋ ಉಳಿದಿದ್ದರೆ ಅದು ಸ್ಪಷ್ಟವಾಗಿ ಬರಲಿ. ಹಳೆಯ ದೃಶ್ಯದ ಒಂದು ಚಿತ್ರ, ಪಕ್ಕದಲ್ಲಿ ನಿಮ್ಮದು, ಕೆಳಗೆ ದಿನಾಂಕ – ಮೂರು ಪತ್ರಗಳಿಗೂ ಈ ಒಂದು ಹಾಳೆಯನ್ನು ಲಗತ್ತಿಸಿದರೆ, ಡೆಸ್ಕಿನಲ್ಲಿ ಕುಳಿತವರಿಗೆ ಇನ್ನೊಬ್ಬರ ಕಡೆ ಬೆರಳು ತೋರಿಸಲು ಜಾಗ ಉಳಿಯುವುದಿಲ್ಲ.